ಹೆಬ್ಬೆಟ್ಟಿನ ಮೇಲೆ ಬಿಟ್ಟ ಜಾಗ

೧೯೮೬ ನವೆಂಬರ್ ೯, ರವಿವಾರ

ಈ ವಹಿ ಅಕ್ಕಾವರು ಕೊಟ್ಟದ್ದು. ನೂರು ಹಾಳಿ, ಕೆಂಪು ರಟ್ಟು. "ಸಣ್ಣವ್ವಾ, ನಿನ್ನ ಅಕ್ಷರ ಉಂಡುಂಡಗ ಚಲೋ ಅದಾವು. ದಿನಾ ತಟಗ ಬರಿ, ಕೈ ತಿರಗತೈತಿ" ಅಂದರು. ಏನು ಬರೆಯಲಿ ಎಂದು ನಾನು ಕೇಳಲಿಲ್ಲ. ಅವರ ಮುಂದೆ ನನಗೆ ಬಾಯಿ ಬರುವುದಿಲ್ಲ. ಅವರ ಮುಂದೆ ಏನು, ಯಾರ ಮುಂದೂ ಬರುವುದಿಲ್ಲ.

ಕರಿಕಲ್ಲ ಗಾಯರಾಣದಲ್ಲಿ ಮುತ್ತಲ ಗಿಡದ ಕೆಳಗೆ ಕೂತು ಬರೆಯುತ್ತಿದ್ದೇನೆ. ಗಾಯರಾಣ ಇಡೀ ಊರಿನ ಹುಲ್ಲುಗಾವಲು, ಯಾರೊಬ್ಬರದೂ ಅಲ್ಲ. ಅವ್ವನ ಹದಿನೇಳು ಆಡು ಕೆಳಗೆ ಮೇಯುತ್ತಿವೆ. ಮಲಿಕಾಬಿ ಚಿಗವ್ವ ಆಚೆ ದಿಬ್ಬದಲ್ಲಿ ಕಸಬರಿಗೆ ಹುಲ್ಲು ಕೊಯ್ಯುತ್ತಿದ್ದಾಳೆ. ಅವಳು ಈ ಕಡೆ ನೋಡಿದರೆ ವಹಿ ಸೆರಗಿನಲ್ಲಿ ಮುಚ್ಚುತ್ತೇನೆ. ಏನು ಬರೆದೆ ಎಂದು ಕೇಳಿದರೆ ಹೇಳಲು ನಾಚಿಕೆ. ನಾನು ಓದಿದ್ದು ನಾಲ್ಕನೇ ಇಯತ್ತೆ.

ಅಕ್ಕಾವರು ಎಂದರೆ ಶಿವಗಂಗವ್ವ. ಹೆಸರು ಬರೆಯಲೂ ಅಂಜಿಕೆ, ಇದೊಂದು ಸಲ ಬರೆದೆ. ದೊಡ್ಡ ಮನೆತನದವರು, ಏಳನೆಯ ಇಯತ್ತೆ ಓದಿದವರು, ಗಂಡ ತೀರಿಕೊಂಡ ಮೇಲೆ ಹೊಲಮನೆ ತಾವೇ ನೋಡುತ್ತಾರೆ. ಮೂರು ವರ್ಷದ ಹಿಂದೆ ಶಲವಡಿಯಿಂದ ನನ್ನ ಗಂಡನ ಮನೆಯವರು ನನ್ನನ್ನು ಕರೆಯಲು ಬಂದಿದ್ದರು. ಅವರು ಮುರಿದ ನನ್ನ ಎಡಗೈ ಆಗಿನ್ನೂ ಕಟ್ಟಿನಲ್ಲಿತ್ತು. ಬೇವಿನ ಕಟ್ಟೆಯ ಮುಂದೆ ಹಿರಿಯರು ಕೂಡಿ, ಹುಡುಗಿ ಹೋಗಲಿ ಎಂದು ಹೇಳಿ ಮುಗಿಸಿದ್ದರು. ಆಗ ಅಕ್ಕಾವರು ಬಂದು ಕಟ್ಟೆಯ ಎರಡನೇ ಮೆಟ್ಟಿಲ ಮೇಲೆ ನಿಂತು, "ಆಕೀನ್ನ ಕೇಳಿರೇನ?" ಎಂದರು. ಯಾರೂ ಕೇಳಿರಲಿಲ್ಲ. ನಾನು ಅವ್ವನ ಬೆನ್ನ ಹಿಂದಿದ್ದೆ. "ಹೊಕ್ಕಿಯೇನ ತಂಗಿ?" ಎಂದರು. ನಾನು ತಲೆ ಅಲ್ಲಾಡಿಸಿದೆ, ಅಷ್ಟೇ. "ಒಲ್ಲೆ ಅಂದ್ಲು. ಮುಗೀತು. ಗಾಡಿ ಹೊಳ್ಳಿಸ್ರಿ" ಎಂದರು.

ಗಾಡಿ ಹೊಳ್ಳಿತು. ಅವತ್ತಿನಿಂದ ಅವರು ಹೇಳಿದ ಕೆಲಸಕ್ಕೆ ನಾನು ಇಲ್ಲ ಎಂದಿಲ್ಲ.

೧೯೮೬ ನವೆಂಬರ್ ೨೭

ಗಾಯರಾಣಕ್ಕೆ ಪ್ಯಾಂಟಿನವರು ನಾಲ್ಕು ಮಂದಿ ಬಂದು ಸರಪಳಿ ಎಳೆದು ಅಳೆದರು. ಅಲ್ಲಲ್ಲಿ ಕೆಂಪು ಬಟ್ಟೆ ಕಟ್ಟಿದ ಗೂಟ ಬಡಿದರು. ಒಂದು ಗೂಟ ನನ್ನ ಮುತ್ತಲ ಗಿಡದ ಬುಡಕ್ಕೇ ಬಂತು. ನಾನು ಆಡು ಹೊಡೆದುಕೊಂಡು ಸರಿದು ನಿಂತೆ, ಯಾಕೆಂದು ಕೇಳಲಿಲ್ಲ. ಅವ್ವ ಕೇಳಿದಳು.

"ಇಲ್ಲಿ ನೀಲಗಿರಿ ಹಚ್ಚತಾರ ಯವ್ವಾ. ಕಾಗದದ ಕಂಪನಿಗೆ."

"ಮತ್ತ ನಮ್ಮ ಆಡು?"

"ಅದನ್ನ ಕಂಪನಿ ಕೇಳು."

ಸಂಜೆ ಅಕ್ಕಾವರಿಗೆ ಹೇಳಿದೆವು. ಅವರು ಕೈಯಲ್ಲಿದ್ದ ಚಾ ಕೆಳಗಿಟ್ಟು ಎದ್ದೇ ಬಿಟ್ಟರು. ಚಪ್ಪಲಿ ಕೂಡ ಮೆಟ್ಟಲಿಲ್ಲ. ಗಾಯರಾಣದವರೆಗೆ ನಡೆದು ಬಂದು ಒಂದೊಂದೇ ಗೂಟ ಕಿತ್ತು ಒಟ್ಟಿದರು. "ಒಲಿಗೆ ಆಗತಾವು, ಒಯ್ರಿ" ಎಂದರು. ನಮ್ಮ ಓಣಿಯ ಬಸಕ್ಕ ಒಯ್ದಳು. ಇವತ್ತು ಅವಳ ಮನೆಯ ರೊಟ್ಟಿ ಸರಕಾರದ ಗೂಟದಲ್ಲಿ ಬೆಂದವು.

೧೯೮೬ ಡಿಸೆಂಬರ್ ೫

ಇವತ್ತು ಬೆಳಿಗ್ಗೆ ಬೇವಿನ ಕಟ್ಟೆಯಲ್ಲಿ ಐವತ್ನಾಲ್ಕು ಹೆಂಗಸರ ಹೆಬ್ಬೆಟ್ಟು ತೆಗೆದುಕೊಂಡೆ. ಗಾಯರಾಣ ಕೊಡುವುದಿಲ್ಲ ಎಂಬ ಅರ್ಜಿಗೆ.

ಹೆಂಗಸರು ನಿಲ್ಲುವವರಲ್ಲ. ಒಬ್ಬಳಿಗೆ ಒಲೆ, ಒಬ್ಬಳಿಗೆ ಕೂಸು, ಒಬ್ಬಳಿಗೆ ಕೂಲಿಗೆ ಹೊತ್ತಾಗಿರುತ್ತದೆ. ನನಗೆ ಒಂದು ಅರ್ಜಿ ಬರೆಯಲು ಅರ್ಧ ದಿನ ಬೇಕು. ಅದಕ್ಕೆ ಮೊದಲು ಹೆಬ್ಬೆಟ್ಟು, ಆಮೇಲೆ ಅರ್ಜಿ. ಹಾಳಿಯ ಮೇಲಿನ ಅರ್ಧ ಖಾಲಿ ಬಿಟ್ಟು ನಡುವೆ ಗೆರೆ ಎಳೆಯುತ್ತೇನೆ. ಗೆರೆಯ ಕೆಳಗೆ ಹೆಬ್ಬೆಟ್ಟು ಒತ್ತಿಸಿ, ಒಂದೊಂದರ ಬಾಜು ಅವರವರ ಹೆಸರು ಬರೆಯುತ್ತೇನೆ. ಮೇಲಿನ ಅರ್ಜಿಯನ್ನು ಮನೆಯಲ್ಲಿ ನಿಧಾನಕ್ಕೆ ಬರೆಯುತ್ತೇನೆ. ಹೋದ ವರ್ಷ ಸಾರಾಯಿ ಅಂಗಡಿ ಮುಚ್ಚಿಸಿದಾಗಲೂ ಹೀಗೇ ಮಾಡಿದ್ದೆ. ಈ ಉಪಾಯ ನನ್ನದೇ. ಅಕ್ಕಾವರು "ಶಾಣ್ಯಾಕಿ ನೀ" ಎಂದಿದ್ದರು.

ಮಲಿಕಾಬಿ ಚಿಗವ್ವ ಹೆಬ್ಬೆಟ್ಟು ಒತ್ತಿ, "ಹಾಳಿ ಖಾಲಿ ಐತಲ್ಲಬೇ. ನನ್ನ ಆಸ್ತಿ ಎಲ್ಲಾ ಬರಕೊಂಡಗಿಂಡೀಯ?" ಎಂದಳು.

"ಏನೈತಿ ನಿನ್ನ ಆಸ್ತಿ?" ಬಸಕ್ಕ ಕೇಳಿದಳು. "ಎಂಟು ಕಸಬರಿಗಿ, ಒಂದು ಕುಂಟ ಹುಂಜ!"

"ಹುಂಜಕ್ಕ ಕುಂಟ ಅನಬ್ಯಾಡ. ಅದರ ನಡಿಗೀನ ಹಂಗ."

ಎಲ್ಲರೂ ನಕ್ಕರು. ನಾನೂ ಸೆರಗಿನಲ್ಲಿ ನಕ್ಕೆ. ಮನೆಗೆ ಬಂದು ಅರ್ಜಿ ಬರೆದೆ. ಹುಲ್ಲು, ಸೌದೆ, ಹೊನಗೊನ್ನೆ ಸೊಪ್ಪು, ಹೂರಣದ ಹಬ್ಬಕ್ಕೆ ಮುತ್ತಲ ಎಲೆ, ಗಾಯರಾಣದಿಂದ ಬರುವುದನ್ನೆಲ್ಲ ಬರೆದೆ. ಅಕ್ಕಾವರು ಓದಿ, ಒಂದು ಅಕ್ಷರವನ್ನೂ ತಿದ್ದಲಿಲ್ಲ.

೧೯೮೭ ಜನೆವರಿ ೧೧

ಅರ್ಜಿ ಕೊಟ್ಟ ಮೇಲೆ ಅಳೆಯುವವರು ಮತ್ತೆ ಗಾಯರಾಣಕ್ಕೆ ಬಂದಿಲ್ಲ. ಈಗ ಹೊಸ ಮಂಡಲ ಪಂಚಾಯತಿಗೆ ಚುನಾವಣೆ. ಹೆಂಗಸರಿಗೂ ಜಾಗ ಇಟ್ಟಿದ್ದಾರಂತೆ. ಅಕ್ಕಾವರು ನಿಂತಿದ್ದಾರೆ.

ನಾನು ಸುಣ್ಣದ ನೀರಿನಲ್ಲಿ ಗೋಡೆ ಬರೆಯುತ್ತಿದ್ದೇನೆ. ಹೊತ್ತು ಮುಳುಗುವ ಮುಂದೆ, ಮಂದಿ ಇಲ್ಲದಾಗ. "ಗಾಯರಾಣ ಉಳಿಸಿದ ಕೈ, ಹೆಣ್ಣುಮಕ್ಕಳ ಹಿಡಿದ ಕೈ." ಇದು ನಾನೇ ಕೂಡಿಸಿದ ಮಾತು. ಇವತ್ತು ಜೀಪಿನ ಮೈಕಿನಲ್ಲಿ ಅದನ್ನೇ ಕೂಗುತ್ತ ಹೋದರು. ದುಮ್ಮವಾಡದ ಸಂತೆಯಲ್ಲೂ ಕೂಗಿದರಂತೆ. ನನಗೆ ಮೈಯೆಲ್ಲ ಬಿಸಿಯಾಗಿ ಹಿತ್ತಲಿಗೆ ಹೋಗಿ ನಿಂತೆ.

೧೯೮೭ ಫೆಬ್ರುವರಿ ೨೦

ಆರಿಸಿ ಬಂದದ್ದಷ್ಟೇ ಅಲ್ಲ, ಅಕ್ಕಾವರು ಈಗ ಮಂಡಲದ ಪ್ರಧಾನರು! ಹದಿನಾರು ಗಂಡಸರ ನಡುವೆ ದೊಡ್ಡ ಖುರ್ಚಿಯಲ್ಲಿ ಅವರು. ಪೇಪರಿನಲ್ಲಿ ಫೋಟೋ ಬಂದಿದೆ. "ಹಸಿರು ಕಾಯ್ದ ಹೆಣ್ಣುಮಗಳು" ಎಂದು ಮೇಲೆ ಬರೆದಿದ್ದಾರೆ. ಆ ತುಂಡನ್ನು ಕತ್ತರಿಸಿ ಈ ವಹಿಯಲ್ಲಿ ಅಂಟಿಸಿದ್ದೇನೆ.

ಫೋಟೋದಲ್ಲಿ ಹಿಂದೆ ಅರ್ಧ ಬಾಗಿಲು ಕಾಣುತ್ತದೆ. ಆ ಬಾಗಿಲ ಹಿಂದೆ ನಾನಿದ್ದೆ.

೧೯೮೭ ಏಪ್ರಿಲ್ ೧೪

ಅಕ್ಕಾವರು ಈಗ ಊರಲ್ಲಿರುವುದು ಕಡಿಮೆ. ಧಾರವಾಡ, ಹುಬ್ಬಳ್ಳಿ, ಒಮ್ಮೆ ಬೆಂಗಳೂರು. ಇವತ್ತು ಬಂದವರು ನನಗೆ ಹೇಳಿ ಕಳಿಸಿದರು. ಮನೆಯಲ್ಲಿ ಹೊಸ ಖುರ್ಚಿಗಳು, ಅವುಗಳಲ್ಲಿ ಗುರುತಿಲ್ಲದ ಮಂದಿ. ನಾನು ಅಡಿಗೆಮನೆಯ ಬಾಗಿಲಲ್ಲಿ ನಿಂತೆ.

"ಹೆರಿಗಿ ಆಸ್ಪತ್ರಿ ಕೇಳೂದೈತಿ ಸಣ್ಣವ್ವ. ನಮ್ಮ ಊರಾಗಽ ಕಟ್ಟಸಬೇಕಂತ ಮಾಡೀನಿ. ಜಲ್ದಿ ಹೆಬ್ಬಟ್ಟು ತಗೊಂಡ ಬಾ."

"ಅರ್ಜಿ ಹೆಂಗ ಬರೀಲ್ರಿ?" ಎಂದೆ.

"ನೀ ಬರಿಯೂದು ಬ್ಯಾಡ. ಟೈಪ್ ಮಾಡಸ್ತೀನಿ. ಕೈಬರಹದ್ದು ಈಗಿನ ಸಾಹೇಬರು ಓದೂದಿಲ್ಲ. ಬರೇ ಹಾಳಿ ಕೊಡು."

ತಟಗ ಬ್ಯಾಸರ ಆಯಿತು. ಆದರೆ ಟೈಪ್ ಅಕ್ಷರ ಚಂದ ಇರುತ್ತವೆ, ಅದು ಖರೆ.

ಆಸ್ಪತ್ರೆ ಎಂದದ್ದಕ್ಕೆ ಯಾರನ್ನೂ ಕರೆಯಬೇಕಾಗಲಿಲ್ಲ, ತಾವೇ ಬಂದರು. ಬಸಕ್ಕನ ಸೊಸೆ ಹೋದ ಮಳೆಗಾಲದಲ್ಲಿ ಹುಬ್ಬಳ್ಳಿಗೆ ಒಯ್ಯುವಾಗ ಗಾಡಿಯಲ್ಲೇ ಹೋದಳು. ಕೂಸೂ ಹೋಯಿತು. ಬಸಕ್ಕ ಎಲ್ಲರಿಗಿಂತ ಮೊದಲು ಹೆಬ್ಬೆಟ್ಟು ಒತ್ತಿದಳು. ಒತ್ತಿದ್ದು ಎತ್ತಲೇ ಇಲ್ಲ, ನಾನೇ ಅವಳ ಕೈ ಹಿಡಿದು ಎತ್ತಬೇಕಾಯಿತು. ಆ ಒಂದು ಗುರುತು ಎಲ್ಲಕ್ಕಿಂತ ದೊಡ್ಡದಾಗಿ, ಅಂಚು ಹರಡಿ ಮೂಡಿದೆ.

ಏಳು ಹಾಳಿ, ಅರವತ್ತೆರಡು ಹೆಬ್ಬೆಟ್ಟು. ಅಕ್ಕಾವರ ಕೈಗೆ ಕೊಟ್ಟೆ. ಅವರು ಎಣಿಸಿ, ಮಡಿಚಿ ಚೀಲದಲ್ಲಿ ಇಟ್ಟುಕೊಂಡರು.

೧೯೮೭ ಜೂನ್ ೮

ಗಾಯರಾಣದಲ್ಲಿ ಎರಡು ಟ್ರ್ಯಾಕ್ಟರು. ಸುತ್ತಲೂ ಎದೆಮಟ್ಟ ಕಂದಕ ತೋಡುತ್ತಿದ್ದಾರೆ. ದನಕರು ಒಳಗೆ ಬರಬಾರದಂತೆ. ಮುತ್ತಲ ಗಿಡ ಕಡಿದು ಮಲಗಿಸಿದ್ದಾರೆ.

ಅಕ್ಕಾವರು ಬೆಂಗಳೂರಿನಲ್ಲಿದ್ದಾರೆ. ಅವರಿಗೆ ಇದು ಗೊತ್ತಿಲ್ಲ. ಗೊತ್ತಿದ್ದರೆ ಚಪ್ಪಲಿ ಇಲ್ಲದೆ ಓಡಿ ಬರುತ್ತಿದ್ದರು.

೧೯೮೭ ಜೂನ್ ೧೫

ಬಂದರು. ಇಪ್ಪತ್ತು ಹೆಂಗಸರು ಅವರ ಮನೆಯ ಮುಂದೆ ನಿಂತೆವು. ಅಕ್ಕಾವರು ಹೊರಗೆ ಬಂದು, "ನೋಡತೀನಿ. ಮ್ಯಾಲಿನವರ ಜೋಡಿ ಮಾತಾಡತೀನಿ. ಗದ್ದಲ ಮಾಡಬ್ಯಾಡ್ರಿ, ಮನಿಗೆ ಹೋಗ್ರಿ" ಎಂದರು.

ಮಲಿಕಾಬಿ ಚಿಗವ್ವ, "ಗೂಟ ಕಿತ್ತಾಗ ಮ್ಯಾಲಿನವರನ್ನ ಕೇಳಿದ್ದಿಲ್ಲಲ್ರಿ" ಎಂದಳು. ನಾನು ಅವಳ ಸೆರಗು ಜಗ್ಗಿದೆ. ಹಾಗೆ ಅನ್ನಬಾರದಿತ್ತು. ಅಕ್ಕಾವರಿಗೆ ಎಷ್ಟು ಕೆಲಸ.

೧೯೮೭ ಜೂನ್ ೧೮

ಬಿಳಿ ಆಡು ಕಂದಕದಲ್ಲಿ ಬಿದ್ದು ಮುಂಗಾಲು ಮುರಿದುಕೊಂಡಿತು. ಅವ್ವ ಒಳಗಿಳಿದು ಹೊತ್ತು ಕೊಟ್ಟಳು, ನಾನು ಮೇಲೆ ಜಗ್ಗಿದೆ. ಆಚೆ ಸಾಲುಸಾಲು ನೀಲಗಿರಿ ಸಸಿ. ಒಂದು ಮರಿ ಹೇಗೋ ದಾಟಿ ಹೋಗಿ ಎಲೆ ಮೂಸಿ, ತುಟಿ ಎತ್ತಿ, ಮುಖ ತಿರುಗಿಸಿತು.

"ಆಡು ಒಲ್ಲೆ ಅನ್ನೂ ಗಿಡ ನನ್ನ ಜಲಮದಾಗ ನೋಡಿದ್ದಿಲ್ಲ" ಎಂದಳು ಅವ್ವ.

ಈಗ ಆಡುಗಳನ್ನು ರಸ್ತೆಯ ಬದಿಯಲ್ಲಿ ಮೇಯಿಸುತ್ತೇನೆ. ಅಲ್ಲಿ ಕೂತು ಬರೆಯಲು ಬರುವುದಿಲ್ಲ, ಬಸ್ಸು ಓಡಾಡುತ್ತವೆ. ಇದನ್ನು ಹಟ್ಟಿಯ ಹಿಂದೆ ನಿಂತು ಬರೆದೆ.

೧೯೮೭ ಜೂನ್ ೨೪

ಮಲಿಕಾಬಿ ಚಿಗವ್ವ ಬಿಡಲಿಲ್ಲ. "ಅಕ್ಷರ ಬರೂದು ನಿನಗ ಒಬ್ಬಾಕಿಗೆ. ನಡಿ, ಕಚೇರಿಗೆ ಹೋಗೂಣು" ಎಂದಳು. ಮಿಶ್ರಿಕೋಟಿಯಿಂದ ಬಸ್ಸು ಹಿಡಿದು ತಾಲೂಕು ಕಚೇರಿಗೆ ಹೋದೆವು. ಅಲ್ಲಿನ ಗುಮಾಸ್ತ ಈರಬಸಪ್ಪ ಎಂಬ ಮುದುಕರು. "ನಿಮ್ಮ ಊರವರಽ ಒಪ್ಪಿಗಿ ಕೊಟ್ಟು ಈಗ ಕೇಳಾಕ ಬಂದೀರಲ್ಲ" ಎಂದರು. ಚಿಗವ್ವ ಜಗಳಕ್ಕೇ ನಿಂತಳು. ಅವರು ಫೈಲು ತೆಗೆದು ನನ್ನ ಮುಂದೆ ಇಟ್ಟರು.

ಮೇಲೆ ಟೈಪು. "ಸದರಿ ಗಾಯರಾಣ ಜಮೀನು ನಿರುಪಯುಕ್ತವಾಗಿದ್ದು, ಅಲ್ಲಿ ನೀಲಗಿರಿ ಬೆಳೆಸಲು ಗ್ರಾಮದ ಮಹಿಳೆಯರಾದ ನಮ್ಮ ಸಂಪೂರ್ಣ ಒಪ್ಪಿಗೆ ಇರುತ್ತದೆ."

ಕೆಳಗೆ ಗೆರೆ. ನಾನು ಎಳೆದ ಗೆರೆ. ಗೆರೆಯ ಕೆಳಗೆ ಹೆಬ್ಬೆಟ್ಟುಗಳು. ಮೊದಲನೆಯದು ಅಂಚು ಹರಡಿದ ದೊಡ್ಡದು. ಬಾಜು ನನ್ನ ಉಂಡುಂಡನೆಯ ಅಕ್ಷರದಲ್ಲಿ, ಬಸಕ್ಕ.

ಏಳು ಹಾಳಿಯನ್ನೂ ತಿರುವಿದೆ. ಕೆಂಚವ್ವ ಎಂದು ಅವ್ವನ ಹೆಸರಿತ್ತು. ಎಲ್ಲರಿಗೂ ಕಡೆಗೆ "ದೃಢೀಕರಿಸಲಾಗಿದೆ, ಪ್ರಧಾನರು" ಎಂದು ಸಿಕ್ಕೆ, ಸಹಿ. ಆ ಸಹಿ ನನಗೆ ಗೊತ್ತು. ಅದನ್ನು ನೋಡಿಯೇ ನಾನು ಕೈ ತಿದ್ದಿಕೊಂಡದ್ದು.

"ಏನ ಬರದೈತಿ? ಓದು" ಎಂದಳು ಚಿಗವ್ವ. ಓದಿದೆ. ಅವಳು ಹಾಳಿ ನೋಡಲಿಲ್ಲ, ನನ್ನ ಮುಖ ನೋಡಿದಳು.

ಹೊಳ್ಳಿ ಬರುವಾಗ ಬಸ್ಸಿನಲ್ಲಿ ನನ್ನ ಬಾಜು ಜಾಗವಿತ್ತು. ಅವಳು ನಿಂತೇ ಬಂದಳು.

೧೯೮೭ ಜೂನ್ ೨೫

ಇಲ್ಲ.

೧೯೮೭ ಜೂನ್ ೨೮

ಬಾವಿಯ ಹತ್ತಿರ ಕೊಡ ಇಟ್ಟೆ. ಯಾರೋ ಸರಿಸಿದರು. "ಸರೀರಿ, ಬರಿಯಾಕಿ ಬಂದ್ಲು. ಹೆಬ್ಬಟ್ಟು ಮುಚ್ಚಿಕೊಳ್ರಿ" ಎಂದು ಒಬ್ಬಳು. ನಗೆ. ಬಸಕ್ಕ ನಗಲಿಲ್ಲ. ಅವಳು ಮುಂದೆ ಬಂದು, "ನನ್ನ ಸೊಸಿ ಹೆಸರಿನ ಮ್ಯಾಲೆ ತಗೊಂಡೆಲ್ಲಬೇ ಸಣ್ಣವ್ವ" ಎಂದಳು, ಮೆಲ್ಲಗೆ.

ನಾನು ತಗೊಂಡಿಲ್ಲ ಎನ್ನಬೇಕಿತ್ತು. ಆದರೆ ತಗೊಂಡವಳು ನಾನೇ ಅಲ್ಲವೇ.

ಅವ್ವ ಇಷ್ಟು ದಿನ ಏನೂ ಕೇಳಿರಲಿಲ್ಲ. ಇವತ್ತು ರೊಟ್ಟಿ ಬಡಿಯುತ್ತ, "ಆಕಿ ಖಾಲಿ ಹಾಳಿ ಕೇಳಿದಾಗ ನಿನಗ ಏನೂ ಅನಸಲಿಲ್ಲೇನ?" ಎಂದಳು. ಬ್ಯಾಸರ ಆಗಿತ್ತು, ನನ್ನ ಅಕ್ಷರ ಬೇಡ ಎಂದರಲ್ಲ ಎಂದು. ಅಷ್ಟೇ ಅನಿಸಿದ್ದು. ಅದನ್ನು ಅವ್ವನಿಗೆ ಹೇಗೆ ಹೇಳಲಿ?

ಪೇಪರಿನ ಫೋಟೋ ವಹಿಯಿಂದ ಕೀಳಲು ನೋಡಿದೆ. ಗೋಂದು ಗಟ್ಟಿ ಹಿಡಿದಿದೆ. ಮುಖ ಮಾತ್ರ ಹರಿಯಿತು.

೧೯೮೭ ಜುಲೈ ೨

ಇವತ್ತು ಶಿವಗಂಗವ್ವನ ಮನೆಗೆ ಹೋದೆ. ಅಡಿಗೆಮನೆಯ ಕಡೆಯಿಂದ ಹೋಗಲಿಲ್ಲ. ಮುಂಬಾಗಿಲು ತೆರೆದಿತ್ತು.

ಅವರು ಒಬ್ಬರೇ ಕೂತು ಪೇಪರು ಓದುತ್ತಿದ್ದರು. ನಾನು ಆ ಹಾಳಿಗಳನ್ನು ನೋಡಿದೆ ಎಂದೆ. ಸುಳ್ಳು ಎನ್ನುತ್ತಾರೆ ಎಂದುಕೊಂಡಿದ್ದೆ. ಯಾರೋ ಮೋಸ ಮಾಡಿದರು, ನನಗೆ ಗೊತ್ತಿಲ್ಲ ಎನ್ನುತ್ತಾರೆ ಎಂದುಕೊಂಡಿದ್ದೆ. ಹಾಗೆ ಅಂದಿದ್ದರೆ ನಾನು ನಂಬಿ ಮನೆಗೆ ಬಂದುಬಿಡುತ್ತಿದ್ದೆ.

"ಹೌದು, ಕೊಟ್ಟೆ" ಎಂದರು. "ಕುಂಡ್ರು."

ನಾನು ಕೂಡಲಿಲ್ಲ.

"ಸಣ್ಣವ್ವ, ಆಸ್ಪತ್ರಿ ಬೇಕೋ ಬ್ಯಾಡೋ? ಬರೇ ಅರ್ಜಿ ಕೊಟ್ಟರ ಯಾರೂ ಆಸ್ಪತ್ರಿ ಕೊಡೂದಿಲ್ಲ. ಅವರಿಗೆ ಒಂದು ಬೇಕಿತ್ತು, ನಮಗ ಒಂದು ಬೇಕಿತ್ತು. ನಾನು ಬ್ಯಾಡ ಅಂದ್ರೂ ಆ ಗಿಡ ಹಚ್ಚೂದು ಬಿಡತಿದ್ದಿಲ್ಲ. ಹೆಂಗೂ ಹೋಗೂ ಜಗಾ. ಅದಕ್ಕ ಬದಲಿ ಏನರ ತಗೊಂಡೆ."

"ಆಸ್ಪತ್ರಿ ಯಾವಾಗ ಬರತೈತ್ರಿ?"

"ಬರತೈತಿ. ಮುಂದಿನ ಸಲ ನನಗ ಎಮ್ಮೆಲ್ಲೆ ಟಿಕೀಟು ಕೊಡತೀನಿ ಅಂದಾರ. ನಾ ಆರಿಸಿ ಬಂದ್ನೆಂದ್ರ ಒಂದಲ್ಲ, ಹತ್ತು ಆಸ್ಪತ್ರಿ."

"ಮಂದೀನ್ನ ಕೇಳಬೇಕಿತ್ತಲ್ರಿ."

"ಕೇಳಿದ್ರ ಒಪ್ಪತಿದ್ರೇನ? ಅದಕ್ಕಽ ಕೇಳಲಿಲ್ಲ."

ಆದರೂ ಅಂದೆ. "ನನ್ನ ಕೇಳಿದ್ರಿ ನೀವು. ಅವತ್ತ ಕಟ್ಟಿ ಮ್ಯಾಲೆ. ನನ್ನೊಬ್ಬಾಕೀನ್ನ ಕೇಳಾಕಽ ನಿಂತಿದ್ರಿ."

ಅವರು ಪೇಪರು ಮಡಿಚಿದರು. ಬಹಳ ಹೊತ್ತು ಮಡಿಚಿದರು. ಆಮೇಲೆ ಅವರ ದನಿ ಬದಲಾಯಿತು. "ಅವತ್ತ ನಾ ನಿಲ್ಲದಿದ್ರ ನೀ ಇವತ್ತ ಎಲ್ಲಿರತಿದ್ದಿ? ಅದನ್ನ ಮರೀಬ್ಯಾಡ. ಇನ್ನೊಂದು ತಿಳಕೋ. ಖಾಲಿ ಹಾಳಿ ಮ್ಯಾಲೆ ಹೆಬ್ಬಟ್ಟು ತಗೊಂಡಾಕಿ ನೀನು, ಹೆಸರು ಬರದಾಕಿ ನೀನು. ಇದು ಮುಂದ ಹೋದ್ರ ಮೊದಲ ನಿನ್ನ ಹಿಡೀತಾರ. ಸುಮ್ಮನಿರು. ನಾ ಇರೂತನಕ ನಿನ್ನ ಹೆಸರು ಎಲ್ಲೂ ಬರೂದಿಲ್ಲ."

ಹೊರಗೆ ಬಂದಾಗ ಚಪ್ಪಲಿ ಮರೆತಿದ್ದೆ. ಹೊಳ್ಳಿ ಹೋಗಿ ತರಲಿಲ್ಲ.

೧೯೮೭ ಜುಲೈ ೩

ಅವರು ಒಂದೇ ಒಂದು ಸುಳ್ಳು ಹೇಳಿದ್ದರೂ ಸಾಕಿತ್ತು.

೧೯೮೭ ಜುಲೈ ೧೨

ಮಳೆ ಹಿಡಿದಿದೆ. ಆಡಿಗೆ ಮೇವಿಲ್ಲ. ಅವ್ವ ನಾಲ್ಕು ಆಡು ಮಾರಿದಳು.

ಇವತ್ತು ಅರ್ಜಿ ಬರೆದೆ. ಎರಡು ಹಾಳಿ. "ದಿನಾಂಕ ೧೪ ಏಪ್ರಿಲ್ ರಂದು ಆಸ್ಪತ್ರೆಗೆ ಎಂದು ಹೇಳಿ ನಮ್ಮ ಹೆಬ್ಬೆಟ್ಟು ಪಡೆದಿದ್ದು, ಆಗ ಹಾಳಿ ಖಾಲಿ ಇತ್ತು" ಎಂದು ಬರೆದು, "ಪಡೆದವಳು ಸಣ್ಣವ್ವ, ಮಲಕಪ್ಪನ ಮಗಳು" ಎಂದು ಬರೆದೆ. ಅಪ್ಪ ಇದ್ದಿದ್ದರೆ ಇದಕ್ಕೆ ಏನನ್ನುತ್ತಿದ್ದನೋ. ಆ ಸಾಲನ್ನು ಒಮ್ಮೆ ಹೊಡೆದೆ. ಮತ್ತೆ ಬೇರೆ ಹಾಳಿಯಲ್ಲಿ ಮೊದಲಿಂದ ಬರೆದೆ, ಸೇರಿಸಿ.

ಮಲಿಕಾಬಿ ಚಿಗವ್ವನ ಮನೆಗೆ ಹೋದೆ. ಕಟ್ಟೆಯ ಮೇಲೆ ಏಳೆಂಟು ಹೆಂಗಸರಿದ್ದರು, ಬಸಕ್ಕನೂ ಇದ್ದಳು. ನನ್ನನ್ನು ನೋಡಿ ಚಿಗವ್ವ ಎರಡೂ ಕೈ ಕಂಕುಳಲ್ಲಿ ಇಟ್ಟುಕೊಂಡಳು.

"ನನ್ನ ಹೆಬ್ಬಟ್ಟು ನನ್ನ ಹತ್ರ ಇರ್ಲಿ ಯವ್ವಾ."

"ಹೆಬ್ಬಟ್ಟು ಬ್ಯಾಡ. ಕೇಳು ಅಷ್ಟ" ಎಂದೆ. ಓದಿದೆ.

"ಮತ್ತೊಮ್ಮೆ ಓದು."

ಓದಿದೆ.

"ಇನ್ನೊಮ್ಮೆ."

ಮೂರನೇ ಸಲ ಓದುವಾಗ ಅವಳು ಒಂದೊಂದು ಮಾತಿಗೂ ತಡೆದಳು. ಅದೇನು, ಇದೇನು, ಸದರಿ ಅಂದರೆ ಏನು. ಸದರಿ ಎಂಬುದನ್ನು ಹೊಡೆದು ನಮ್ಮ ಎಂದು ಬರೆಯಿಸಿದಳು. ನನ್ನ ಹೆಸರಿನ ಸಾಲಿಗೆ ಬಂದಾಗ ಕಂಕುಳಿನ ಕೈ ಹೊರಗೆ ತೆಗೆದಳು.

"ಇದನ್ನ ಕೊಟ್ಟರ ನಿನಗ ಏನಾಗತೈತಿ?" ಬಸಕ್ಕ ಕೇಳಿದಳು.

"ಗೊತ್ತಿಲ್ಲ."

"ಆಸ್ಪತ್ರಿ?"

"ಅದೂ ಗೊತ್ತಿಲ್ಲ. ಬರಲಾರದು ಅನಸ್ತೈತಿ."

ಬಸಕ್ಕ ಸರಿದು ನನ್ನ ಬಾಜು ಕೂತಳು. ಆಮೇಲೆ, "ಶಾಯಿ ತಂದೀಯೇನ?" ಎಂದಳು.

೧೯೮೭ ಜುಲೈ ೨೬

ಮನೆಮನೆಗೆ ಹೋಗಿ ಓದುವುದರಲ್ಲಿ ಹತ್ತು ದಿನ ಹೋಯಿತು. ಗಂಟಲು ಕೂತಿದೆ. ಅವ್ವ ಶುಂಠಿ ಕುದಿಸಿ ಕೊಟ್ಟಳು. ಕೆಲವರು ಬಾಗಿಲು ತೆರೆಯಲಿಲ್ಲ. ಐವತ್ತೊಂದು ಹೆಬ್ಬೆಟ್ಟು ಆದವು. ಪ್ರತಿ ಹಾಳಿಯಲ್ಲೂ ಅಕ್ಷರ ಗೆರೆಯವರೆಗೆ ಬಂದಿದೆ. ಬೆರಳು ಇಡುವಷ್ಟೂ ಜಾಗ ಬಿಟ್ಟಿಲ್ಲ.

೧೯೮೭ ಆಗಸ್ಟ್ ೬

ತಾಲೂಕು ಕಚೇರಿಗೆ ಕೊಟ್ಟು ಬಂದ ಅರ್ಜಿಯ ವಿಚಾರಣೆಗೆ ಸಾಹೇಬರು ಬಂದಿದ್ದರು. ಬೇವಿನ ಕಟ್ಟೆಯ ಮುಂದೆ ಮೇಜು, ಮೂರು ಖುರ್ಚಿ. ಒಂದರಲ್ಲಿ ಸಾಹೇಬರು, ಒಂದರಲ್ಲಿ ಅವರ ಕಾರಕೂನ, ಒಂದರಲ್ಲಿ ಶಿವಗಂಗವ್ವ. ಹಸಿರು ಸೀರೆ ಉಟ್ಟಿದ್ದಳು, ಪೇಪರಿನವರು ಬಂದಾಗ ಉಡುವುದು. ಗಂಡಸರು ಒಂದು ಕಡೆ ನಿಂತಿದ್ದರು.

ಸಾಹೇಬರು ಎರಡು ಅರ್ಜಿಗಳನ್ನೂ ಬಾಜುಬಾಜು ಇಟ್ಟು ನೋಡಿದರು. "ಎರಡರಲ್ಲೂ ಅದೇ ಹೆಬ್ಬೆಟ್ಟು. ಎರಡರಲ್ಲೂ ಹೆಸರು ಬರೆದ ಅಕ್ಷರ ಒಂದೇ. ಯಾವುದು ನಿಜ?"

ಶಿವಗಂಗವ್ವ ಹೇಳಿದಳು, "ಯಾರೋ ಹುರಿದುಂಬಿಸ್ಯಾರ್ರಿ ಸಾಹೇಬ್ರ. ಓದು ಬರದ ಮಂದಿ. ಅವತ್ತ ತಾವಽ ಬಂದು ಒತ್ಯಾರ."

"ಮೊದಲ ಹಾಳಿ ಖಾಲಿ ಇತ್ತು ಎಂದು ಬರೆದಿದೆ. ಖಾಲಿ ಹಾಳಿಯ ಮೇಲೆ ಪಡೆದ ಸಣ್ಣವ್ವ ಎಂಬವಳು ಯಾರು?"

ಶಿವಗಂಗವ್ವ ನನ್ನ ಕಡೆ ನೋಡಿದಳು. ಸಿಟ್ಟಿನಿಂದ ನೋಡಿದ್ದರೆ ಬೇರೆ ಮಾತು. ಮೊದಲು ನೋಡುತ್ತಿದ್ದ ಹಾಗೆಯೇ ನೋಡಿದಳು, ಹೊಕ್ಕಿಯೇನ ತಂಗಿ ಎಂದ ದಿನ ನೋಡಿದ ಹಾಗೆ.

ಕೆಳಗೆ ಕೆಸರಿತ್ತು, ನಾನು ಸಾಹೇಬರಿಗೆ ಕಾಣಿಸುತ್ತಲೂ ಇರಲಿಲ್ಲ. ಅದಕ್ಕೆ ಕಟ್ಟೆಯ ಎರಡನೇ ಮೆಟ್ಟಿಲು ಹತ್ತಿ, "ನಾನ್ರೀ" ಎಂದೆ. ಎಲ್ಲ ಹೇಳಿದೆ. ಮೊದಲು ಹೆಬ್ಬೆಟ್ಟು ಆಮೇಲೆ ಅರ್ಜಿ ಎಂಬುದು ನನ್ನದೇ ಉಪಾಯ ಎಂಬುದನ್ನೂ ಹೇಳಿದೆ. ಆಸ್ಪತ್ರೆ ಎಂದು ಹೇಳಿ ಹಾಳಿ ಕೇಳಿದವರು ಯಾರು ಎಂದೂ ಹೇಳಿದೆ. ಶಿವಗಂಗವ್ವ ಮೇಜಿನ ಮೇಲಿನ ತನ್ನ ಕೈ ನೋಡುತ್ತ ಕೂತಳು.

ಸಾಹೇಬರು ನಿಟ್ಟುಸಿರು ಬಿಟ್ಟು ಗಡಿಯಾರ ನೋಡಿದರು. "ಎಲ್ಲರ ಹೇಳಿಕೆ ತಗೊಳ್ರಿ" ಎಂದು ಕಾರಕೂನನಿಗೆ ಹೇಳಿ ಚಾ ಕುಡಿಯಲು ಎದ್ದರು.

ಕಾರಕೂನ ಚೀಲದಿಂದ ಹಾಳಿ ತೆಗೆದು ಮೇಜಿನ ಮೇಲೆ ಹರಡಿದ. ಶಾಯಿಯ ಡಬ್ಬಿ ಬಾಜು ಇಟ್ಟ. "ಬರ್ರಿ, ಒಬ್ಬೊಬ್ಬರಾಗಿ ಜಲ್ದಿ ಹೆಬ್ಬಟ್ಟು ಒತ್ರಿ. ಹೇಳಿಕಿ ನಾ ಕಚೇರಿಗೆ ಹೋಗಿ ಬರಕೊಂತೀನಿ."

ಹಾಳಿಗಳು ಖಾಲಿ ಇದ್ದವು.

ಅವ್ವ ಆಗಲೇ ಬೆರಳಿಗೆ ಶಾಯಿ ಹಚ್ಚಿಕೊಂಡಿದ್ದಳು. ಅವಳ ಹಿಂದಿನವರೂ ಹಚ್ಚಿಕೊಂಡಿದ್ದರು. ಎಲ್ಲರೂ ನನ್ನ ಕಡೆ ನೋಡಿದರು.

"ಮೊದಲ ಬರೀರಿ" ಎಂದೆ.

"ಐವತ್ತು ಮಂದೀದು ಇಲ್ಲೇ ಬರಕೋತ ಕುಂತ್ರ ಕತ್ತಲಾಗತೈತೆವ್ವಾ! ನಂದೇನು ಮೋಸ ಐತಿ ಇದರಾಗ? ದಿನಾ ಮಾಡೂದಽ ಹಿಂಗ."

"ಗೊತ್ತೈತ್ರಿ. ನಾನೂ ಹಿಂಗಽ ಮಾಡತಿದ್ದೆ. ಬರದು ಓದಿ ಹೇಳ್ರಿ. ಆಮ್ಯಾಲೆ."

ಅವನು ಶಿವಗಂಗವ್ವನ ಕಡೆ ನೋಡಿದ. ಅವಳು ಜೀಪಿನ ಕಡೆ ನೋಡುತ್ತಿದ್ದಳು.

ಮಲಿಕಾಬಿ ಚಿಗವ್ವ ಶಾಯಿಯ ಹೆಬ್ಬೆಟ್ಟನ್ನು ಮೇಲೆತ್ತಿ ಹಿಡಿದು, "ನಮಗೇನ ಅವಸರಿಲ್ರಿ. ಆಡು ಮೇಯೂ ಜಗಾ ನೀವಽ ತಗೊಂಡೀರಿ. ಮನ್ಯಾಗ ಮಾಡೂದೇನೈತಿ?" ಎಂದಳು. ಬೇರೆಯವರೂ ಸೀರೆಗೆ ಹತ್ತದಂತೆ ಹಾಗೆಯೇ ಎತ್ತಿ ಹಿಡಿದು ನಿಂತರು. ಕಾರಕೂನ ಕಾದ. ಸಾಹೇಬರು ಚಾ ಕುಡಿದು ಬಂದರು. ಯಾರೂ ಕದಲಿರಲಿಲ್ಲ. ಕೊನೆಗೆ ಅವನು ಪೆನ್ನು ತೆಗೆದ.

ಒಂದೊಂದನ್ನೂ ಬರೆದ, ಓದಿದ. ಬಸಕ್ಕನದು ಬಂದಾಗ ಅವಳು, "ಸೊಸಿ ಹೆಸರು ಬಿಟ್ಟೀರಿ, ಸೇರಸ್ರಿ" ಎಂದಳು. ಸೇರಿಸಿದ. ಶಾಯಿ ಒಣಗಿದವರು ಮತ್ತೆ ಹಚ್ಚಿಕೊಂಡರು. ನಡುವೆ ಯಾವಾಗಲೋ ಶಿವಗಂಗವ್ವ ಎದ್ದು ಜೀಪಿನ ಕಡೆ ನಡೆದಳು. ಅವಳ ಖುರ್ಚಿ ಖಾಲಿ ಉಳಿಯಿತು. ಯಾರೂ ಅದರಲ್ಲಿ ಕೂಡಲಿಲ್ಲ.

ವರದಿ ಮೇಲೆ ಹೋಗುವವರೆಗೆ ಸಸಿ ಹಚ್ಚುವುದು ನಿಲ್ಲಿಸಬೇಕು ಎಂದು ಸಾಹೇಬರು ಹೇಳಿ 
ಹೋದರು. ನನ್ನ ಮೇಲೆ ಏನಾಗುತ್ತದೆ ಎಂದು ಹೇಳಲಿಲ್ಲ. ಅರ್ಧ ಗಾಯರಾಣದಲ್ಲಿ ಆಗಲೇ ನೀಲಗಿರಿ ಮೊಣಕಾಲಿಗೆ ಬಂದಿದೆ. ಇನ್ನರ್ಧ ಇದೆ.

ಮನೆಗೆ ಬರುವ ಹಾದಿಯಲ್ಲಿ ಬಸಕ್ಕ, "ನಾಳೆ ಆಸ್ಪತ್ರಿಗೆ ಒಂದು ಅರ್ಜಿ ಬರಿ" ಎಂದಳು. ಸ್ವಲ್ಪ ಮುಂದೆ ಹೋಗಿ ಹೊಳ್ಳಿ ನಿಂತು ಅಂದಳು, "ಬ್ಯಾರೆ ಹಾಳಿ ಮ್ಯಾಲೆ."

ಅವ್ವನ ಬೆರಳಿನ ಶಾಯಿ ಆಡಿನ ಹಗ್ಗಕ್ಕೆ ಹತ್ತಿದೆ. ಮಾತಾಡಿ ಮಾತಾಡಿ ನನಗೆ ಹಸಿವಾಗಿದೆ.